ಒಳಗೆ ಯಾರೂ ಇಲ್ಲ

"ಮೇಷ್ಟ್ರೇ, ಟೆಸ್ಟುಗಳೆಲ್ಲ ಪಾಸಾಗಿವೆ. ಇನ್ನು ಏನನ್ನು ನೋಡಬೇಕು?" ಎಂದು ಮಂದಾಕಿನಿ ಕೇಳಿದಳು.

ಅವಳು ಒಂದು ಪುಟ್ಟ ಡೇಟಾಬೇಸ್ ಲೈಬ್ರರಿಯನ್ನು ಒಂದು ಆಪರೇಟಿಂಗ್ ಸಿಸ್ಟಮ್‌ನಿಂದ ಇನ್ನೊಂದಕ್ಕೆ ಒಯ್ಯುವ ಕೆಲಸ ಮುಗಿಸಿ ಬಂದಿದ್ದಳು. ನಿಜಗುಣ ಮೇಷ್ಟ್ರು ಅದೇ ಕೆಲಸ ಮಾಡುತ್ತ ತಲೆ ನರೆತವರು. ಈಗ ಕಲಿಯಲು ಬಂದವರಿಗೆ ಹೇಳಿಕೊಡುತ್ತಿದ್ದರು.

"ಹೊಸ ಸಿಸ್ಟಮ್ ಎಲ್ಲಿಯೂ ತಕರಾರು ಮಾಡಲಿಲ್ಲವೆ?" ಎಂದರು ಮೇಷ್ಟ್ರು.

"ಮಾಡಿದ ಕಡೆಯೆಲ್ಲ ಸರಿಪಡಿಸಿದೆ. ಮಾಡದ ಕಡೆ ಕೈ ಹಾಕಲಿಲ್ಲ."

"ಹಾಗಾದರೆ ಸ್ವಲ್ಪ ಹೊತ್ತು ಕೂತುಕೋ" ಎಂದು ಮೇಷ್ಟ್ರು ಈ ಕತೆ ಹೇಳಿದರು.

ಜಯತೀರ್ಥ ಎಂಬ ಎಂಜಿನಿಯರ್ ಇದ್ದ. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮಿತ. ಒಮ್ಮೆ ಅವನ ಕೈಗೂ ಇಂಥದೇ ಒಂದು ಲೈಬ್ರರಿ ಬಂತು. ದೊಡ್ಡ ಡೇಟಾಬೇಸುಗಳ ಹಾಗೆ ಅದಕ್ಕೆ ಬೇರೆ ಯಂತ್ರ ಬೇಡ, ನೋಡಿಕೊಳ್ಳುವ ಜನ ಬೇಡ. ಯಾವ ಪ್ರೋಗ್ರಾಮಿಗೆ ಬೇಕೋ ಅದರೊಳಗೇ ಸೇರಿಕೊಂಡು, ಹೇಳಿದ್ದನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಕೇಳಿದಾಗ ತೆಗೆದುಕೊಡುತ್ತಿತ್ತು. ಅದನ್ನು ಬರೆದವರು ಕಂಪನಿ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು.

ಆ ಲೈಬ್ರರಿಯನ್ನು ನಂಬಿಕೊಂಡದ್ದು ಒಂದು ಗಣಿ. ಗುಡ್ಡದ ಒಳಕ್ಕೆ ಇಳಿಜಾರಾಗಿ ಸುರಂಗ ಕೊರೆದಿದ್ದರು. ಒಳಗೆ ಹೋಗುವ ಪ್ರತಿಯೊಬ್ಬನೂ ಬಾಗಿಲಲ್ಲಿ ಕಾರ್ಡು ತೋರಿಸಬೇಕು, ಹೊರಗೆ ಬರುವಾಗಲೂ ತೋರಿಸಬೇಕು. ಪಾಳಿ ಮುಗಿದ ಮೇಲೆ ಬಂಡೆ ಸಿಡಿಸುವ ಹೊತ್ತು. ಸಿಡಿಸುವ ಮೇಸ್ತ್ರಿಯ ಕೋಣೆ ಗುಡ್ಡದ ಆಚೆ ಬದಿಗಿತ್ತು. ಅಲ್ಲಿಂದ ಸುರಂಗದ ಬಾಗಿಲು ಕಾಣುತ್ತಿರಲಿಲ್ಲ. ಮೇಸ್ತ್ರಿ ಬಾಗಿಲಲ್ಲಿದ್ದ ಕಂಪ್ಯೂಟರಿಗೇ ಜೋಡಿಸಿದ್ದ ತನ್ನ ಪರದೆ ಹಚ್ಚಿ, ಒಳಗೆ ಎಷ್ಟು ಜನ ಎಂದು ನೋಡುತ್ತಿದ್ದ. ಸೊನ್ನೆ ಇದ್ದರೆ ಸೈರನ್ ಕೂಗಿಸಿ ಮದ್ದು ಸಿಡಿಸುತ್ತಿದ್ದ. ಒಬ್ಬನೇ ಒಬ್ಬ ಉಳಿದಿದ್ದರೂ ಕಾಯುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಯಾರ ಕೂದಲೂ ಕೊಂಕಿರಲಿಲ್ಲ.

ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಹೊಸದರ ಆಪರೇಟಿಂಗ್ ಸಿಸ್ಟಮ್ ಬೇರೆ. ಲೈಬ್ರರಿಯನ್ನು ಅದರ ಮೇಲೆ ನಡೆಯುವಂತೆ ಮಾಡಿಕೊಡು ಎಂದು ಜಯತೀರ್ಥನಿಗೆ ಹೇಳಿದರು.

ಅವನು ಮನಸ್ಸಿಟ್ಟು ಕೂತ. ಫೈಲಿನ ದಾರಿ ಬರೆಯುವ ರೀತಿ ಬೇರೆ ಇತ್ತು, ಸರಿಪಡಿಸಿದ. ಗಡಿಯಾರ ಕೇಳುವ ರೀತಿ ಬೇರೆ ಇತ್ತು, ಅದನ್ನೂ ಸರಿಪಡಿಸಿದ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ಕಂಪೈಲರ್ ಎಲ್ಲೆಲ್ಲಿ ಗೊಣಗಿತೋ ಅಲ್ಲೆಲ್ಲ ನಿಂತು, ಯಾಕೆ ಎಂದು ತಿಳಿದುಕೊಂಡೇ ಮುಂದೆ ಹೋದ. ಎಲ್ಲಿ ಗೊಣಗಲಿಲ್ಲವೋ ಅಲ್ಲಿ ಓದಿಕೊಂಡು ಹೋದ.

ಹಾಗೆ ಓದುವಾಗ ಕೆಲವು ಸಾಲುಗಳು ಅವನ ಕಣ್ಣಿಗೆ ಬಿದ್ದವು. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿ ಮೊದಲು ಮಾಡುವ ಕೆಲಸ ಅಲ್ಲಿತ್ತು. ಮೊದಲಿನ ಫೈಲು ಇದ್ದರೆ ಅದರ ಹಳೆಯ ಲೆಕ್ಕ ಬೇಡ, ಅಳಿಸಲು ನೋಡು. ಸಿಸ್ಟಮ್ ಆಗದು ಎಂದರೆ ಇನ್ನೊಂದು ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದೆ ಎಂದು ತಿಳಿ, ಅದರ ಜೊತೆ ಸೇರಿಕೋ. ಅಳಿಸಿ ಹೋದರೆ ಯಾರೂ ಬಳಸುತ್ತಿಲ್ಲ ಎಂದು ತಿಳಿ, ಹೊಸ ಫೈಲು ಮಾಡಿಕೋ. ಬರೆದವನು ಜಾಣ ಎಂದುಕೊಂಡ ಜಯತೀರ್ಥ. ಆ ಸಾಲುಗಳ ಬಗ್ಗೆ ಕಂಪೈಲರ್ ಏನೂ ಹೇಳಲಿಲ್ಲ. ಅವನು ಪುಟ ಸರಿಸಿದ.

ಆಮೇಲೆ ಪರೀಕ್ಷೆ. ಬಾಗಿಲಿನ ಪ್ರೋಗ್ರಾಮನ್ನು ನಡೆಸಿ ನೋಡಿದ, ಸರಿಯಾಗಿತ್ತು. ಮೇಸ್ತ್ರಿಯ ಪರದೆಯ ಪ್ರೋಗ್ರಾಮನ್ನು ನಡೆಸಿ ನೋಡಿದ, ಅದೂ ಸರಿಯಾಗಿತ್ತು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದು ನೋಡಿದ್ದ. ಎರಡರಲ್ಲಿಯೂ ಇರುವುದು ಒಂದೇ ಲೈಬ್ರರಿ, ಒಟ್ಟಿಗೆ ನಡೆಸಿ ನೋಡುವುದಕ್ಕೇನಿದೆ ಎನ್ನಿಸಿತ್ತು.

ಹೊಸ ಕಂಪ್ಯೂಟರ್ ಕೂಡಿಸಿದ ಮೊದಲ ದಿನ ಜಯತೀರ್ಥ ತಾನೇ ಗಣಿಗೆ ಹೋದ. ಬೆಳಿಗ್ಗೆ ಬಾಗಿಲಿನ ಪ್ರೋಗ್ರಾಂ ಶುರು ಮಾಡಿಕೊಟ್ಟ. ಕೆಲಸಗಾರರು ಒಬ್ಬೊಬ್ಬರಾಗಿ ಕಾರ್ಡು ತೋರಿಸಿ ಒಳಗೆ ಹೋದರು. ಹಸಿರು ದೀಪ ಹತ್ತುತ್ತ ಹೋಯಿತು. ಮಧ್ಯಾಹ್ನ ಊಟವಾದ ಮೇಲೆ, ತಾನೂ ಒಮ್ಮೆ ಒಳಗೆ ಹೋಗಿ ನೋಡಬೇಕು ಎಂದ. ಹೆಲ್ಮೆಟ್ ಕೊಟ್ಟರು, ಕಾರ್ಡು ಕೊಟ್ಟರು. ಅವನಿಗೂ ಹಸಿರು ದೀಪ ಹತ್ತಿತು.

ಆ ದಿನ ಒಳಗೆ ನೀರೆತ್ತುವ ಪೈಪು ಒಡೆದಿತ್ತು. ಪಾಳಿ ಮುಗಿಯುತ್ತ ಬಂದರೂ ಹುಲುಗಪ್ಪ ಎಂಬ ಹಿರಿಯ ಕೆಲಸಗಾರ ತನ್ನ ಜನರನ್ನು ಕಟ್ಟಿಕೊಂಡು ಮೊಣಕಾಲು ನೀರಿನಲ್ಲಿ ನಿಂತು ಅದನ್ನು ಜೋಡಿಸುತ್ತಿದ್ದ. ಜಯತೀರ್ಥ ಅವರ ಪಕ್ಕದಲ್ಲಿ ದೀಪ ಹಿಡಿದು ನಿಂತ. ಸೆಕೆಗೆ ಅವನ ಮುಖ ಬಿಳಿಚಿಕೊಂಡಿತು. ಹುಲುಗಪ್ಪ ಅದನ್ನು ನೋಡಿದ.

"ಸಾಹೇಬ್ರ, ನಿಮಗ ಈ ಸೆಕಿ ರೂಢಿ ಇಲ್ಲ. ನೀವು ಮ್ಯಾಲ ನಡೀರಿ. ನಾವು ಇದನ್ನ ಮುಗಿಸೇ ಬರ್ತೀವಿ. ನಾವು ಬರೂತನಕ ಮೇಸ್ತ್ರಿ ಕಾಯ್ತಾನ."

ಜಯತೀರ್ಥ ಗೋಡೆ ಹಿಡಿದುಕೊಂಡು ಮೇಲೆ ಹತ್ತಿ ಬಂದ. ಬೆಳಕು ಕಣ್ಣಿಗೆ ಚುಚ್ಚಿತು. ಗಾಳಿಗೆ ಜೀವ ಬಂದಂತಾಯಿತು. ಹೊರಗೆ ಹೋಗುವ ಕಡೆಯ ಯಂತ್ರಕ್ಕೆ ಕಾರ್ಡು ತೋರಿಸಿದ.

ಕೆಂಪು ದೀಪ ಹತ್ತಿತು.

ಕಾರ್ಡಿಗೆ ಕೆಸರು ಮೆತ್ತಿರಬೇಕು ಎಂದುಕೊಂಡು ಅಂಗಿಗೆ ಒರೆಸಿ ಮತ್ತೆ ತೋರಿಸಿದ. ಮತ್ತೆ ಕೆಂಪು. ಈ ಸಲ ಯಂತ್ರದ ಮೇಲಿನ ಅಕ್ಷರಗಳನ್ನು ಓದಿದ. ನೀವು ಒಳಗೆ ಹೋಗಿಲ್ಲ ಎಂದು ಅಲ್ಲಿ ಬಂದಿತ್ತು.

ಬಾಗಿಲಲ್ಲಿ ಕೂತಿದ್ದ ಕಾವಲುಗಾರ ನಕ್ಕ. "ಏನ್ರೀ ಸಾಹೇಬ್ರ, ಹೋಗದನ ಬಂದ್ರೇನು?"

ಜಯತೀರ್ಥನಿಗೂ ನಗು ಬಂತು. ನಗುತ್ತಲೇ ಕೆಳಗಿನ ಸಾಲು ನೋಡಿದ. ಒಳಗಿರುವವರು, ಸೊನ್ನೆ.

ನಗು ಅಲ್ಲಿಗೇ ನಿಂತಿತು. ತನ್ನೊಬ್ಬನ ಹೆಸರು ತಪ್ಪಿದ್ದರೆ ಕಾರ್ಡಿನ ದೋಷ ಎನ್ನಬಹುದಿತ್ತು. ಹುಲುಗಪ್ಪ ಎಲ್ಲಿ ಹೋದ? ಅವನ ಪಕ್ಕದಲ್ಲಿ ನಿಂತವರೆಲ್ಲ ಎಲ್ಲಿ ಹೋದರು? ಈಗಷ್ಟೇ ಅವರ ಮಾತು ಕೇಳಿಸಿಕೊಂಡು ಬಂದಿದ್ದ. ಅವರ ನೀರು ಇನ್ನೂ ಅವನ ಬೂಟಿನಲ್ಲಿತ್ತು.

ಅಷ್ಟರಲ್ಲಿ ಗುಡ್ಡದ ಆಚೆಯಿಂದ ಸೈರನ್ ಕೂಗಿತು.

ಒಂದು ಗಳಿಗೆ ಅವನಿಗೆ ಅದು ಏನೆಂದೇ ತಿಳಿಯಲಿಲ್ಲ. ಕಾವಲುಗಾರ ಎದ್ದು, "ಮದ್ದು ಹಾರಸ್ತಾರ, ಈ ಕಡಿ ಬರ್ರಿ" ಎಂದ. ಅವನ ಮಾತಿನಲ್ಲಿ ಗಾಬರಿ ಇರಲಿಲ್ಲ. ದಿನವೂ ಈ ಹೊತ್ತಿಗೆ ಕೇಳುವ ಸೈರನ್ನು ಅದು. ಒಳಗಿರುವವರಿಗೆ ಅದು ಕೇಳುವುದಿಲ್ಲ. ಆ ಹೊತ್ತಿನಲ್ಲಿ ಒಳಗೆ ಯಾರೂ ಇರುವುದಿಲ್ಲ ಎಂದು, ಕೇಳಿಸುವ ವ್ಯವಸ್ಥೆಯನ್ನು ಯಾರೂ ಮಾಡಿರಲಿಲ್ಲ.

ಜಯತೀರ್ಥ ಕಾವಲುಗಾರನ ಮೇಜಿನ ಮೇಲಿದ್ದ ಫೋನು ಎಳೆದುಕೊಂಡ. ಮೇಸ್ತ್ರಿಯ ಕೋಣೆಗೆ ಯಾವ ನಂಬರು ಎಂದು ಕೇಳಿದ. ಕಾವಲುಗಾರ ಅವನ ಮುಖ ನೋಡಿ ತಾನೇ ನಂಬರು ಒತ್ತಿದ. ಎರಡನೆಯ ಸೈರನ್ ಕೂಗಿತು. ಮೂರನೆಯದರ ಹಿಂದೆಯೇ ಮದ್ದು.

ಆ ಕಡೆ ಫೋನು ಎತ್ತಿದರು.

"ನಿಲ್ಲಿಸಿ. ಒಳಗೆ ಜನ ಇದ್ದಾರೆ."

"ಯಾರು ಮಾತಾಡೋದು?"

"ನಾನು ಜಯತೀರ್ಥ. ಹೊಸ ಕಂಪ್ಯೂಟರ್ ಕೂಡಿಸಿದವನು."

"ಸಾಹೇಬ್ರ, ಪರದಿ ನನ್ನ ಮುಂದನ ಐತಿ. ನಿಮ್ಮ ಕಂಪ್ಯೂಟರನ ಹೇಳಾಕತ್ತೈತಿ, ಒಳಗ ಯಾರೂ ಇಲ್ಲಂತ."

"ಅದು ಸುಳ್ಳು ಹೇಳುತ್ತಿದೆ. ನಾನು ಅವರನ್ನು ಬಿಟ್ಟು ಈಗ ಬಂದೆ. ಹುಲುಗಪ್ಪ ಒಳಗಿದ್ದಾನೆ."

ಮೇಸ್ತ್ರಿ ಬಹಳ ಮೆಲ್ಲಗೆ, "ಗುಂಡಿ ಮ್ಯಾಲಿಂದ ಕೈ ತಗದೀನ್ರಿ" ಎಂದ.

ಮೂರನೆಯ ಸೈರನ್ ಕೂಗಲಿಲ್ಲ.

ಗಣಿಯ ಮ್ಯಾನೇಜರ್ ಓಡಿಬಂದ. ಮೇಸ್ತ್ರಿಯೂ ಗುಡ್ಡ ಬಳಸಿಕೊಂಡು ಬಂದ. ಒಳಗಿನವರನ್ನು ಕರೆತರಲು ಜನ ಹೋದರು. ಮ್ಯಾನೇಜರ್ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಲು ಕೈ ಚಾಚಿದ. ಜಯತೀರ್ಥ ಅವನ ಕೈ ಹಿಡಿದು ತಡೆದ. ಯಾಕೆ ತಡೆದನೋ ಆ ಕ್ಷಣ ಅವನಿಗೇ ಸ್ಪಷ್ಟವಿರಲಿಲ್ಲ.

ಬೆಳಿಗ್ಗೆಯಿಂದ ನಡೆಯುತ್ತಿದ್ದ ಬಾಗಿಲಿನ ಪ್ರೋಗ್ರಾಮನ್ನು ಅವನು ಕೇಳಿ ನೋಡಿದ, ಒಳಗೆ ಯಾರಿದ್ದಾರೆ ಎಂದು. ಅದು ತಡವರಿಸದೆ ಎಲ್ಲರ ಹೆಸರನ್ನೂ ತೋರಿಸಿತು. ಹುಲುಗಪ್ಪನ ಹೆಸರಿತ್ತು, ಕೊನೆಯಲ್ಲಿ ಜಯತೀರ್ಥನ ಹೆಸರೂ ಇತ್ತು. ಪರದೆಯ ಪ್ರೋಗ್ರಾಮನ್ನು ಕೇಳಿದ. ಅದೂ ತಡವರಿಸದೆ ಸೊನ್ನೆ ಎಂದಿತು. ಒಂದೇ ಕಂಪ್ಯೂಟರ್, ಒಂದೇ ಲೈಬ್ರರಿ, ಫೈಲಿನ ಹೆಸರೂ ಒಂದೇ.

ಆಗ ಅವನಿಗೆ ಆ ಜಾಣತನದ ಸಾಲುಗಳು ನೆನಪಾದವು.

ಹಳೆಯ ಸಿಸ್ಟಮ್‌ನಲ್ಲಿ, ಯಾರಾದರೂ ತೆರೆದಿಟ್ಟುಕೊಂಡ ಫೈಲನ್ನು ಅಳಿಸಲು ಹೋದರೆ ಆಗದು ಎನ್ನುತ್ತಿತ್ತು. ಹೊಸ ಸಿಸ್ಟಮ್ ಹಾಗೆ ಅನ್ನುವುದಿಲ್ಲ. ಅಳಿಸು ಎಂದರೆ ಫೈಲಿನ ಹೆಸರನ್ನು ತೆಗೆದುಹಾಕುತ್ತದೆ. ಮೊದಲೇ ತೆರೆದಿಟ್ಟುಕೊಂಡವನು ಆ ಹೆಸರಿಲ್ಲದ ಫೈಲಿನಲ್ಲಿ ಬರೆಯುತ್ತಲೇ ಇರಬಹುದು, ಓದುತ್ತಲೇ ಇರಬಹುದು. ಅವನಿಗೆ ಏನೂ ಗೊತ್ತಾಗುವುದಿಲ್ಲ. ಅವನು ಮುಚ್ಚಿದ ಕ್ಷಣ ಬರೆದದ್ದೆಲ್ಲ ಹೋಗುತ್ತದೆ. ಅದು ಹೊಸ ಸಿಸ್ಟಮ್‌ನ ದೋಷವಲ್ಲ, ಅದರ ರೀತಿಯೇ ಹಾಗೆ. ಆ ರೀತಿಯನ್ನು ಜಯತೀರ್ಥ ಎಂದೋ ಓದಿ ತಿಳಿದುಕೊಂಡಿದ್ದ. ಯಾರಾದರೂ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದ. ಆ ಸಾಲುಗಳು ಅವನನ್ನು ಕೇಳಲಿಲ್ಲ, ಅಷ್ಟೆ.

ಸಂಜೆ ಮೇಸ್ತ್ರಿ ಪರದೆ ಹಚ್ಚಿದಾಗ ಲೈಬ್ರರಿ ಎಂದಿನಂತೆ, ಯಾರಾದರೂ ಇದ್ದೀರಾ ಎಂದು ಕೇಳುವ ಬದಲು ಫೈಲನ್ನು ಅಳಿಸಲು ನೋಡಿತ್ತು. ಸಿಸ್ಟಮ್ ಅಳಿಸಿಕೊಟ್ಟಿತ್ತು. ಲೈಬ್ರರಿ ಯಾರೂ ಇಲ್ಲ ಎಂದು ತಿಳಿದು ಹೊಸ ಫೈಲು ಮಾಡಿಕೊಂಡಿತ್ತು. ಹೊಸ ಫೈಲಿನಲ್ಲಿ ಯಾರ ಹೆಸರೂ ಇರಲಿಲ್ಲ. ಹೊರಗೆ ಹೋಗುವ ಕಡೆಯ ಯಂತ್ರವೂ ಪ್ರತಿ ಸಲ ಹೆಸರು ನೋಡಿಯೇ ಫೈಲು ಓದುತ್ತಿದ್ದರಿಂದ ಅದಕ್ಕೂ ಸಿಕ್ಕಿದ್ದು ಈ ಹೊಸದೇ.

ಕೆಲಸಗಾರರು ಹೊರಗೆ ಬರತೊಡಗಿದರು. ಒಳಗೆ ಹೋದವರ ಹೆಸರು ಉಳಿದಿದ್ದದ್ದು ಈಗ ಆ ಹೆಸರಿಲ್ಲದ ಫೈಲಿನಲ್ಲಿ ಮಾತ್ರ. ಜಯತೀರ್ಥ ಅದರಿಂದ ಒಂದೊಂದೇ ಹೆಸರು ಕೂಗಿದ. ಮೇಸ್ತ್ರಿ ಬಂದವನ ಮುಖ ನೋಡಿ, ಭುಜ ಮುಟ್ಟಿ, ಹೂಂ ಎಂದ. ಎಲ್ಲರೂ ಬಂದರು. ಕೊನೆಗೆ ಹುಲುಗಪ್ಪ ಬಂದ. ಒಳಗೆ ಏನು ನಡೆಯಲಿಕ್ಕಿತ್ತು ಎಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ರೂಢಿಯಂತೆ ಯಂತ್ರಕ್ಕೆ ಕಾರ್ಡು ತೋರಿಸಿದ. ಕೆಂಪು ದೀಪ ಹತ್ತಿತು. ಅಕ್ಷರ ಓದಿ ಅವನು ಸುತ್ತಲಿನವರ ಕಡೆ ತಿರುಗಿ ನಕ್ಕ.

"ನಾ ಒಳಗ ಹೋಗೇ ಇಲ್ಲಂತ ನೋಡ್ರಿ. ಮತ್ತ ಆ ಪೈಪ್ ಯಾರು ಕೂಡಿಸಿದ್ರು?"

ಯಾರೂ ನಗಲಿಲ್ಲ. ಹುಲುಗಪ್ಪ ಒಬ್ಬೊಬ್ಬರ ಮುಖವನ್ನೇ ನೋಡಿದ. ಈ ಹೊತ್ತಿಗೆ ಗುಡ್ಡದ ಆಚೆ ಇರಬೇಕಾದ ಮೇಸ್ತ್ರಿಯನ್ನು ಅಲ್ಲಿ ನೋಡಿದ. ನಿಧಾನವಾಗಿ ಅವನಿಗೆ ತಿಳಿಯಿತು. ಹೆಲ್ಮೆಟ್ ತೆಗೆದು, ಇದ್ದಲ್ಲಿಯೇ ನೆಲಕ್ಕೆ ಕೂತ. ಜಯತೀರ್ಥ ಅವನ ಪಕ್ಕದಲ್ಲಿ ಕೂತ. ಹುಲುಗಪ್ಪನೇ, "ನಿಮಗ ಸೆಕಿ ತಡೀಲಿಲ್ಲ, ಚಲೋ ಆತು" ಎಂದ.

ತಪ್ಪನ್ನು ತಿದ್ದುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೈಲಿಗೆ ಬೀಗ ಹಾಕಿ, ಬೀಗ ಇದೆಯೇ ಎಂದು ನೇರವಾಗಿ ಕೇಳುವಂತೆ ಮಾಡಿದರೆ ಮುಗಿಯಿತು. ಆದರೆ ಜಯತೀರ್ಥ ಲೈಬ್ರರಿಯನ್ನು ಗಣಿಗೆ ಮರಳಿ ಕೊಡಲಿಲ್ಲ. ಬೇರೆ ಏರ್ಪಾಡು ಆಗುವವರೆಗೆ ಬಾಗಿಲಲ್ಲಿ ಮನುಷ್ಯನನ್ನು ನಿಲ್ಲಿಸಿ ಎಂದು ಮ್ಯಾನೇಜರನಿಗೆ ಹೇಳಿ ಬಂದ. ಬಂದವನು ಲೈಬ್ರರಿಯನ್ನು ಮೊದಲ ಸಾಲಿನಿಂದ ಮತ್ತೆ ಓದಲು ಕೂತ. ಈ ಸಲ ಕಂಪೈಲರ್ ಸುಮ್ಮನಿದ್ದ ಕಡೆಯೆಲ್ಲ ನಿಂತ. ಹಳೆಯ ಸಿಸ್ಟಮ್ ಇಲ್ಲಿ ಏನು ಹೇಳುತ್ತಿತ್ತು, ಹೊಸದು ಏನು ಹೇಳುತ್ತದೆ ಎಂದು ಎರಡರಲ್ಲಿಯೂ ನಡೆಸಿ ನೋಡಿದ. ಅಂಥ ಜಾಗಗಳು ಇನ್ನೂ ಸಿಕ್ಕವು. ಸಿಕ್ಕಾಗಲೆಲ್ಲ ಅವನಿಗೆ ಸೈರನ್ ಕೇಳಿದಂತಾಗಿ ಎದ್ದು ಸ್ವಲ್ಪ ದೂರ ನಡೆದು ಬರಬೇಕಾಗುತ್ತಿತ್ತು.

ಇಷ್ಟು ಹೇಳಿ ಮೇಷ್ಟ್ರು ಕತೆ ಮುಗಿಸಿದರು.

ಮಂದಾಕಿನಿ ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದಳು. "ಅವರು ಹೊತ್ತಿಗೆ ಸರಿಯಾಗಿ ಹೊರಗೆ ಬಂದರಲ್ಲ, ಪುಣ್ಯ" ಎಂದಳು. ತಡೆದು, "ಬರದೆ ಇದ್ದಿದ್ದರೆ?" ಎಂದು ಕೇಳಿದಳು.

ಮೇಷ್ಟ್ರು ಹೇಳಿದರು, "ಆಗಲೂ ಟೆಸ್ಟುಗಳೆಲ್ಲ ಪಾಸಾಗಿಯೇ ಇರುತ್ತಿದ್ದವು."