ಸಿಂಗಯ್ಯ ಕಣ್ಣು ಬರೆದ ದಿನ

ಮೈತುಂಬ ಪಟ್ಟೆ, ಬಾಯಿತುಂಬ ಹಲ್ಲು. ಘರ್ಜಿಸಲಿಲ್ಲ, ಹೆಜ್ಜೆ ಎತ್ತಲಿಲ್ಲ, ಅದಕ್ಕೆ ಕಣ್ಣೂ ಇರಲಿಲ್ಲ. ಆದರೂ ಒಬ್ಬ ದಳವಾಯಿಯನ್ನು ಓಡಿಸಿತು. ಏನದು?

ಹುಲಿ ಅಂದಿರಾ? ಅರ್ಧ ಅಂಕ. ಉಳಿದರ್ಧ ಕೇಳಿ.

ಬಿಳಿಕಲ್ಲುದುರ್ಗದಲ್ಲಿ ಸಿಂಗಯ್ಯ ಅಂತ ಒಬ್ಬ ಚಿತ್ರಗಾರ. ಅವನ ಕೈಲಿ ಪಟ ಬರೆಸಿಕೊಳ್ಳದವರು ದೊಡ್ಡಮನುಷ್ಯರೇ ಅಲ್ಲ ಅನ್ನೋ ಹುಚ್ಚು ಊರಿಗೇ ಹಿಡಿದಿತ್ತು. ಶೆಟ್ಟರ ಹೆಂಡತಿಯ ಎರಡನೇ ಗಲ್ಲ ಮುತ್ತಿನ ಸರದ ಹಿಂದೆ ಮಾಯ. ಮಂತ್ರಿಗಳ ಹೊಟ್ಟೆ ವೀಣೆಯ ಹಿಂದೆ ಮಾಯ. ವೀಣೆಯನ್ನು ಅವರು ಜನ್ಮದಲ್ಲಿ ಮುಟ್ಟಿರಲಿಲ್ಲ!

"ಸಿಂಗಯ್ಯನೋರೇ, ನಾನು ನಿಜವಾಗ್ಲೂ ಹೀಗಿದೀನಾ?" ಅಂತ ಯಾರಾದರೂ ಕೇಳಿದರೆ, "ಇದಕ್ಕಿಂತ ಚೆನ್ನಾಗಿದೀರಮ್ಮ, ನನ್ನ ಕೈಗೆ ಬಂದಿದ್ದು ಇಷ್ಟೇ" ಅನ್ನುತ್ತಿದ್ದ.

ಅವನದೊಂದು ಪದ್ಧತಿ. ಪಟದಲ್ಲಿ ಕಣ್ಣು ಕೊನೆಗೆ, ಅದೂ ಪಟದ ಒಡೆಯರ ಎದುರಿಗೇ. ಕಣ್ಣು ಬರೆದ ಗಳಿಗೆ ಪಟಕ್ಕೆ ಜೀವ ಬರುತ್ತೆ, ಮೊದಲ ನೋಟ ಎದುರಿಗಿದ್ದವರ ಮೇಲೆ ಬೀಳುತ್ತೆ ಅಂತ ಊರೆಲ್ಲ ನಂಬಿತ್ತು. ಹಾಗಾಗಿ ಒಡೆಯರೊಬ್ಬರೇ ಮುಂದೆ, ಉಳಿದವರು ಪಕ್ಕಕ್ಕೆ.

ಒಂದು ದಿನ ರಾಜ ಹಾಲಪ್ಪನಾಯಕನ ಭಾವಮೈದ, ದಳವಾಯಿ ಬೊಮ್ಮರಸ ಮೀಸೆ ತಿರುವುತ್ತ ಬಂದ.

"ಲೋ ಸಿಂಗ, ನಾನು ಬರಿಗೈಲಿ ಹುಲಿ ಕೊಂದ ಪಟ ಬೇಕು."

"ಅಪ್ಪಣೆ ಬುದ್ಧಿ. ಸತ್ತ ಹುಲಿ ಮೇಲೆ ಕಾಲಿಟ್ಟು ನಿಂತ ಹಾಗೆ?"

"ಥೂ! ಸತ್ತದ್ದರ ಮೇಲೆ ನನ್ನ ಅಜ್ಜೀನೂ ಕಾಲಿಡ್ತಾಳೆ. ಮೇಲೆ ಬೀಳೋಕೆ ಬರ್ತಿರೋ ಹುಲಿ ಬೇಕು. ಅದಕ್ಕೆ ಜೀವ ಇರಬೇಕು. ಜೀವ ಬರಲಿಲ್ಲವೋ, ನಿನ್ನ ಬಲಗೈ ಹೆಬ್ಬೆರಳು ನನ್ನದು!"

ರಾಜನ ಭಾವಮೈದನಿಗೆ ಇಲ್ಲ ಅನ್ನೋರು ಯಾರು? ಅವತ್ತು ಸಿಂಗಯ್ಯನಿಗೆ ಊಟ ಸೇರಲಿಲ್ಲ. ಹೆಬ್ಬೆರಳಿಲ್ಲದೆ ಅನ್ನ ಕಲೆಸೋಕಾಗುತ್ತಾ ಅಂತ ಒಂದು ಸಲ ಬೆರಳು ಮಡಚಿ ನೋಡಿದ. ಆಗಲಿಲ್ಲ. ಅಳಿಲ ಬಾಲದ ಕುಂಚ ಹಿಡಿಯೋದಂತೂ ದೂರದ ಮಾತು.

ಮೂರು ತಿಂಗಳಿಗೆ ಪಟ ಆಸ್ಥಾನಕ್ಕೆ ಬಂತು. ಆನೆ ಬಾಗಿಲಿನಷ್ಟು ದೊಡ್ಡದು. ಹುಲಿ ಪಂಜ ಎತ್ತಿದೆ, ದಳವಾಯಿ ಅದರ ಕಿವಿ ಹಿಡಿದಿದ್ದಾನೆ. ಇಬ್ಬರಿಗೂ ಕಣ್ಣಿಲ್ಲ. ಸಿಂಗಯ್ಯ ಕಾಡಿಗೆಯಲ್ಲಿ ಕುಂಚ ಅದ್ದಿ ದಳವಾಯಿಯ ಕಣ್ಣು ಬರೆದ. ಎದುರಿಗೆ ನಿಂತ ಬೊಮ್ಮರಸ ಉಬ್ಬಿಹೋದ.

"ಇನ್ನು ಹುಲಿ," ಅಂದ ಸಿಂಗಯ್ಯ. "ಮಹಾಸ್ವಾಮಿ, ಎಲ್ಲರೂ ಇನ್ನೂ ಸ್ವಲ್ಪ ದೂರ ನಿಂತರೆ ಒಳ್ಳೇದು. ಇದಕ್ಕೆ ಜೀವ ಬರಲೇಬೇಕು ಅಂತ ದಳವಾಯಿಗಳ ಅಪ್ಪಣೆಯಾಗಿದೆ."

ಮಂತ್ರಿಗಳು ಕಂಬದ ಹಿಂದೆ ಸರಿದರು. ಬೊಮ್ಮರಸ ಕೆಮ್ಮಿದ. "ಲೋ ಸಿಂಗ... ಮೂರು ತಿಂಗಳಿಂದ ಇದು ಏನೂ ತಿಂದಿಲ್ಲ, ಅಲ್ವಾ?"

"ಎಲ್ಲಿ ತಿನ್ನುತ್ತೆ ಬುದ್ಧಿ, ಕಣ್ಣೇ ಇಲ್ಲ. ಇವತ್ತು ಬರುತ್ತೆ."

"ನನ್ನ ಕತ್ತಿ ತರಿಸಿ."

"ಕತ್ತಿ ಯಾಕೆ ಬುದ್ಧಿ, ತಾವು ಬರಿಗೈಲೇ ಕೊಂದವರಲ್ವೇ?"

ಕುಂಚ ಹುಲಿಯ ಮುಖದ ಹತ್ತಿರ ಹೋಯಿತು. ಬೊಮ್ಮರಸ ಒಂದು ಹೆಜ್ಜೆ ಹಿಂದೆ ಇಟ್ಟ. ಇನ್ನೂ ಹತ್ತಿರ ಹೋಯಿತು. ಮೂರು ಹೆಜ್ಜೆ ಹಿಂದೆ. ಕುಂಚದ ತುದಿ ಇನ್ನೇನು ತಾಗಬೇಕು, ಅಷ್ಟರಲ್ಲಿ, "ಬೇಡ್ವೋ! ಕಣ್ಣು ಬರೀಬೇಡ್ವೋ!" ಅಂತ ಕೂಗು. ಎಲ್ಲರೂ ತಿರುಗಿದರೆ ದಳವಾಯಿ ನಿಂತಲ್ಲಿ ಇಲ್ಲ. ಸಿಂಹಾಸನದ ಹಿಂದಿನಿಂದ ಎರಡು ಮೀಸೆ ತುದಿ ಮಾತ್ರ ಕಾಣುತ್ತಿದ್ದವು.

ಸಿಂಗಯ್ಯ ಕುಂಚ ಇಳಿಸಿ ಕೈಮುಗಿದ.

"ಮಹಾಸ್ವಾಮಿ, ಕ್ಷಮಿಸಬೇಕು. ಹುಲಿ ಸರಿಯಾಗೇ ಬಂದಿದೆ, ದಳವಾಯಿಗಳನ್ನು ನಿಲ್ಲಿಸಿದ ಜಾಗವೇ ತಪ್ಪು. ಹುಲಿ ಬಂದಾಗ ಅವರೆಲ್ಲಿ ನಿಲ್ತಾರೆ ಅಂತ ಈಗ ಗೊತ್ತಾಯಿತು. ಅಪ್ಪಣೆಯಾದರೆ ತಿದ್ದಿಬಿಡ್ತೀನಿ. ಆದರೆ ಪಟಕ್ಕೆ ತಮ್ಮ ಸಿಂಹಾಸನವನ್ನೂ ಸೇರಿಸಬೇಕಾಗುತ್ತೆ!"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಬೆರಳಿನ ಉಂಗುರ ಬಿಚ್ಚಿ ಸಿಂಗಯ್ಯನ ಹೆಬ್ಬೆರಳಿಗೇ ತೊಡಿಸಿ, "ಈ ಬೆರಳು ಇನ್ನು ಅರಮನೆಯದು, ಯಾರೂ ಮುಟ್ಟೋ ಹಾಗಿಲ್ಲ" ಅಂದ.

ನಿಜ ಹೇಳಿಬಿಡ್ತೀನಿ, ಉಂಗುರದ ಮಾತು ನಾನೇ ಕಟ್ಟಿದ್ದು. ನನಗೆ ಈ ಕತೆ ಹೇಳಿದವರು ರಾಜನ ನಗುವಿಗೇ ನಿಲ್ಲಿಸಿ ನಿದ್ದೆ ಹೋದರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಹೆಬ್ಬೆರಳನ್ನು ಬರಿದಾಗಿ ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ.