ನೇಕಾರರ ಓಣಿಯಲ್ಲಿ ಹೇಳಿದ ಸುದ್ದಿ

ಶಿಷ್ಯ ಕೇಳಿದ: "ಗುರುಗಳೇ, ತರಗತಿಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಮನೆಯವರಿಗೆ ತಿಳಿಸುವುದು ತಪ್ಪೇ?"

"ಯಾರು ತಪ್ಪು ಅಂದರು?"

"ನಮ್ಮ ಹೆಡ್ ಮಾಸ್ತರರು. ನಾನು ಕಲಿಸುವುದು ಮೂರನೇ ತರಗತಿಗೆ. ತಂದೆತಾಯಿಯರದೆಲ್ಲ ಒಂದು ವಾಟ್ಸಾಪ್ ಗುಂಪು ಮಾಡಿದ್ದೇನೆ. ದಿನವೂ ಸಂಜೆ ಅದರಲ್ಲಿ ತರಗತಿಯ ಸುದ್ದಿ ಬರೆಯುತ್ತೇನೆ. ಹೋದ ವಾರ ಒಬ್ಬ ಹುಡುಗನ ಕೊರತೆಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಗುರುಗಳು ಮನೆಯ ಮುಂದಿನ ಓಣಿಯನ್ನೊಮ್ಮೆ ನೋಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಓಣಿ ಇತ್ತು. ಓಣಿಯ ತುದಿಗೆ ಶಾಲೆ. ಒಂದೇ ಕೋಣೆ, ಒಬ್ಬನೇ ಮಾಸ್ತರ.

ಆಗ ಕೈಮಗ್ಗದ ಕಾಲ. ಬೆಳಗಾದರೆ ಮನೆಮನೆಯಲ್ಲೂ ಮಗ್ಗದ ಸದ್ದು. ಆ ಸದ್ದಿನಲ್ಲೇ ಹುಟ್ಟಿದ ಮಕ್ಕಳು ಅವು. ಹಬ್ಬದ ದಿನ ಮಗ್ಗ ನಿಂತರೆ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತು.

ಗಂಡಸು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತರೆ ಏಳುವುದು ಊಟಕ್ಕೆ. ಹೆಂಗಸಿಗೆ ನೂಲು, ಬಣ್ಣ, ಒಲೆ. ಶಾಲೆಯ ತನಕ ಬಂದು ಮಗು ಏನು ಮಾಡುತ್ತಿದೆ ಎಂದು ಕೇಳಲು ಯಾರಿಗೂ ಪುರಸತ್ತಿಲ್ಲ. ಅದಕ್ಕೆ ಅಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಶಾಲೆ ಬಿಟ್ಟ ಮೇಲೆ ಮಾಸ್ತರ ಮಕ್ಕಳ ಜೊತೆಗೆ ಓಣಿಯುದ್ದಕ್ಕೂ ನಡೆಯಬೇಕು. ಮನೆಮನೆಯ ಕಿಟಕಿಯ ಮುಂದೆ ನಿಂತು ಆ ಮನೆಯ ಮಗುವಿನದೊಂದು ಸುದ್ದಿ ಹೇಳಬೇಕು. ಒಂದೇ ಮಾತು. ಮಾಸ್ತರ ಕಿಟಕಿಗೆ ಬಂದರೆ ಒಳಗೆ ಮಗ್ಗ ನಿಲ್ಲುತ್ತಿತ್ತು. ಮಾತು ಮುಗಿದರೆ ಮತ್ತೆ ಶುರುವಾಗುತ್ತಿತ್ತು.

"ನಿಮ್ಮ ಮಗ ಇವತ್ತ ಕಳೆಯೂ ಲೆಕ್ಕ ತಾನ ಮಾಡಿದ."

"ನಿಮ್ಮ ಹುಡುಗಿ ಬಿದ್ದಳು. ಅಳಲಿಲ್ಲ."

"ನಿಮ್ಮ ಹುಡುಗ ತನ್ನ ರೊಟ್ಟಿ ಗೆಳೆಯಗ ಕೊಟ್ಟ. ಆಮ್ಯಾಲೆ ಗೆಳೆಯನ ರೊಟ್ಟಿ ತಾ ತಿಂದ."

ಕಟ್ಟೆಯ ಮೇಲೆ ಕೂತ ಮುದುಕಿಯೊಬ್ಬಳು ಮಾಸ್ತರನನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಮಾಸ್ತರ, ನಿನ್ನಿ ಹೇಳಿದ್ದ ಇವತ್ತೂ ಹೇಳಾಕತ್ತೀರಿ. ಹಳಸಿದ ಸಾರು ಕಾಸಿ ಬಡಸಬ್ಯಾಡ್ರಿ" ಎನ್ನುತ್ತಿದ್ದಳು. ಮಾಸ್ತರ ಮರುದಿನ ಹೊಸದನ್ನು ಹುಡುಕಿ ತರುತ್ತಿದ್ದ. ಆ ನೆಪದಲ್ಲಿ ಅವನು ಒಂದೊಂದು ಮಗುವನ್ನೂ ದಿನಕ್ಕೊಮ್ಮೆಯಾದರೂ ಸರಿಯಾಗಿ ನೋಡುತ್ತಿದ್ದ.

ಓಣಿಯ ನಡುವಿನ ಒಂದು ಮನೆಯಲ್ಲಿ ಒಬ್ಬ ನೇಕಾರ ಇದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಬನವ್ವ. ನೇಯುವವನಿಗೆ ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತಿಕೊಡಲು ಇನ್ನೊಬ್ಬರು ಬೇಕು. ಮನೆಯಲ್ಲಿ ಹೆಂಗಸಿಲ್ಲದಿದ್ದರೆ ಆ ಕೆಲಸಕ್ಕೆ ಮಗಳನ್ನು ಕೂಡಿಸುವುದು ಓಣಿಯ ರೂಢಿ. ಈ ನೇಕಾರ ಕೂಡಿಸಿರಲಿಲ್ಲ. ಕಂಡಿಕೆಯನ್ನು ಕಟ್ಟೆಯ ಮುದುಕಿಯಿಂದ ಸುತ್ತಿಸಿಕೊಂಡು ಮಗಳನ್ನು ಶಾಲೆಗೆ ಕಳಿಸುತ್ತಿದ್ದ. ಓಣಿ ಅದನ್ನು ನೋಡುತ್ತಿತ್ತು.

ಬನವ್ವ ಕೂರುವುದು ಕಿಟಕಿಯ ಪಕ್ಕಕ್ಕೆ. ಆ ಮುಂಗಾರಿನಲ್ಲಿ ಅವಳಿಗೆ ಪಾಠದ ಮೇಲೆ ಕಣ್ಣಿಲ್ಲದಂತಾಯಿತು. ಯಾವಾಗ ನೋಡಿದರೂ ಮುಖ ಹೊರಗೆ. ಪ್ರಶ್ನೆ ಕೇಳಿದರೆ ಬೆಚ್ಚಿ ಬೀಳುತ್ತಿದ್ದಳು. ಮಾಸ್ತರ ಬೈದ. ಕೂರುವ ಜಾಗ ಬದಲಿಸಿದ. ಅವಳು ಅಲ್ಲಿಂದಲೂ ಕತ್ತು ಉದ್ದ ಮಾಡಿ ನೋಡಿದಳು. ಅವನಿಗೆ ಸಿಟ್ಟು ಬಂತು.

ಅವತ್ತು ಸಂಜೆ ಆ ಕಿಟಕಿಯ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ.

"ನಿಮ್ಮ ಹುಡುಗಿ ಕಲಿಯೂದಿಲ್ಲ. ದಿನಾ ಮುಗಿಲು ನೋಡಕೋತ ಕೂಡತಾಳ."

ಒಳಗೆ ಮಗ್ಗ ನಿಂತಿತ್ತು. ಹಿಂದಿನ ಮನೆಯ ಮಗ್ಗ ಇನ್ನೂ ಶುರುವಾಗಿರಲಿಲ್ಲ. ಮುಂದಿನ ಮನೆಯವರು ತಮ್ಮ ಸುದ್ದಿಗಾಗಿ ಆಗಲೇ ನಿಲ್ಲಿಸಿ ಕಾಯುತ್ತಿದ್ದರು. ಮಾತು ಮೂರೂ ಮನೆಗೆ ಕೇಳಿತು. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು, "ನೇಕಾರನ ಮಗಳಲ್ಲೇನು, ಮುಗಿಲಿಗೇ ಮಗ್ಗ ಹೂಡ್ಯಾಳ" ಅಂದಳು. ಆಚೆ ಯಾರೋ ನಕ್ಕರು. ನಗೆ ಕಿಟಕಿಯಿಂದ ಕಿಟಕಿಗೆ ಹೋಯಿತು. ಮಾಸ್ತರನ ಪಕ್ಕದಲ್ಲಿ ನಿಂತಿದ್ದ ಬನವ್ವ ಒಳಗೆ ಹೋದಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮಾಸ್ತರ ಮನೆಗೆ ಹೋದ. ಬನವ್ವ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನೇಕಾರ ಮಗ್ಗದಿಂದ ತಲೆ ಎತ್ತಲಿಲ್ಲ.

"ನೀವ ಹೇಳಿದ್ರಲ್ಲರಿ ಮಾಸ್ತರ, ಆಕಿ ಕಲಿಯೂದಿಲ್ಲಂತ. ಕಲಿಯದಾಕಿ ಅಲ್ಲಿ ಕೂತೇನು, ಇಲ್ಲಿ ಕೂತೇನು?"

"ಸಾಲಿ ಬಿಡಸ್ರಿ ಅಂತ ನಾ ಹೇಳಲಿಲ್ಲ."

"ನೀವು ಹೇಳಲಿಲ್ಲ. ಓಣಿ ಹಂಗ ಕೇಳಿಸಿಕೊಂಡೈತಿ."

ಮಾಸ್ತರ ಹಿಂತಿರುಗಿದ. ಆಡಿದ ಮಾತು ಸುಳ್ಳಾಗಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ನಿಜವಾದ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ.

ಸಂಜೆ ಮಕ್ಕಳನ್ನು ಬಿಟ್ಟುಬಂದು ಖಾಲಿ ಶಾಲೆಯಲ್ಲಿ ಅವನು ಬನವ್ವ ಮೊದಲು ಕೂರುತ್ತಿದ್ದ ಕಿಟಕಿಯ ಪಕ್ಕದ ಜಾಗದಲ್ಲಿ ಕೂತ. ಅಲ್ಲಿಂದ ಹೊರಗೆ ನೋಡಿದ. ಶಾಲೆಯ ಹಿಂದೆ ಒಂದು ಹಾಳು ಬಾವಿ. ಬಾವಿಯ ಮೇಲೆ ಬಾಗಿದ ಜಾಲಿಮರ. ಅದರ ಕೊಂಬೆಯಲ್ಲಿ ಒಂದು ಗೀಜಗ ಗೂಡು ನೇಯುತ್ತಿತ್ತು. ಅರ್ಧ ಗೂಡಾಗಿತ್ತು. ಹಕ್ಕಿ ಹೋಗಿ ಒಂದು ಎಳೆ ಹುಲ್ಲು ತಂದಿತು. ಒಳಗೆ ಸೇರಿಸಿತು, ಹೊರಗೆ ಎಳೆಯಿತು, ಬಿಗಿಯಿತು. ಮತ್ತೆ ಹೋಯಿತು. ಮಾಸ್ತರ ಕತ್ತಲಾಗುವ ತನಕ ಕೂತ.

ಮರುದಿನ ಓಣಿಯಲ್ಲಿ ನಡೆಯುತ್ತ ಬಂದು ನೇಕಾರನ ಕಿಟಕಿಯ ಮುಂದೆ ನಿಂತ. ಆ ಮನೆಯ ಮಗು ಶಾಲೆಯಲ್ಲಿಲ್ಲ. ಹೇಳಲು ಮಗುವಿನ ಸುದ್ದಿಯಿಲ್ಲ. ತರಗತಿಯ ಸುದ್ದಿ ಹೇಳಿದ.

"ಸಾಲಿ ಕಿಟಕ್ಯಾಗಿಂದ ಗೀಜಗನ ಗೂಡು ಕಾಣತೈತಿ. ಇವತ್ತ ಸಜ್ಜಿ ಎಲಿ ಸೀಳಿ ಎಳಿ ತಂತು."

ಮಗ್ಗ ನಿಲ್ಲಲಿಲ್ಲ. ಇನ್ನಷ್ಟು ಜೋರಾಗಿ ಬಡಿಯಿತು.

ಅವನು ಮರುದಿನವೂ ನಿಂತ. "ಇವತ್ತ ಗೂಡಿನ ಬಾಯಿ ಆತು." ಮಗ್ಗ ನಿಲ್ಲಲಿಲ್ಲ. "ಇವತ್ತ ಮಳಿಗೆ ಒಂದು ಕಡಿ ಬಿಚ್ಚಿತ್ತು. ತಾನ ಕೂತು ಸರಿ ಮಾಡಿತು." ಮಗ್ಗ ನಿಲ್ಲಲಿಲ್ಲ. "ಇವತ್ತ ಹೆಣ್ಣುಹಕ್ಕಿ ಬಂತು. ಗೂಡಿನೊಳಗ ಹೋತು, ಹೊರಗ ಬಂತು, ಒಪ್ಪಲಿಲ್ಲ."

"ಬೀಗಿತ್ತಿ ಮನಿ ನೋಡಾಕ ಬಂದಂಗಾತು" ಅಂದಳು ಕಟ್ಟೆಯ ಮುದುಕಿ.

ಓಣಿ ನಕ್ಕಿತು. ಈ ಸಲದ ನಗೆಯಿಂದ ಯಾರಿಗೂ ನೋವಾಗಲಿಲ್ಲ. ಆ ಮನೆಯೊಳಗಿಂದ ಮಾತ್ರ ಏನೂ ಕೇಳಿಸಲಿಲ್ಲ, ಮಗ್ಗದ ಸದ್ದೊಂದು ಬಿಟ್ಟು.

ಹೀಗೆ ಬಹಳ ದಿನ ನಡೆಯಿತು. ಕೊನೆಗೆ ಮಾಸ್ತರನಿಗೆ ಸಾಕಾಯಿತು. ಗೋಡೆಯ ಜೊತೆ ಎಷ್ಟು ದಿನ ಮಾತಾಡುವುದು? ಅವತ್ತು ಅವನು ಹಿಂದಿನ ಮನೆಯ ಸುದ್ದಿ ಹೇಳಿದ. ನೇಕಾರನ ಕಿಟಕಿಯ ಮುಂದೆ ನಿಲ್ಲದೆ ದಾಟಿದ. ನಾಲ್ಕು ಹೆಜ್ಜೆ ಹೋಗಿದ್ದನೋ ಇಲ್ಲವೋ, ಬೆನ್ನ ಹಿಂದೆ ಏನೋ ಕಡಿಮೆಯಾದಂತಾಯಿತು. ನಿಂತು ಕಿವಿಗೊಟ್ಟ. ಆ ಮಗ್ಗ ನಿಂತಿತ್ತು.

ನೇಕಾರ ಬಾಗಿಲಿಗೆ ಬಂದ. ಹೆಗಲ ಮೇಲೆ ನೂಲಿನ ಎಳೆಗಳಿದ್ದವು.

"ಮಾಸ್ತರ, ಗೂಡು ಬಿತ್ತೇನ್ರಿ?"

"ಇಲ್ಲ. ಹಂಗ ಐತಿ."

"ಮತ್ತ ಸುಮ್ಮನ ಯಾಕ ಹೊಂಟ್ರಿ?"

"ಕೇಳವರು ಇಲ್ಲಂತ ತಿಳಕೊಂಡೆ."

ನೇಕಾರ ನೆಲ ನೋಡಿದ. "ಮಗ್ಗ ನಿಂದರಿಸಿದ್ರ ಎದ್ದು ಹೊರಗ ಬರಬೇಕು. ಹೊರಗ ಬಂದ್ರ ಹುಡುಗಿನ್ನ ಯಾವಾಗ ಕಳಸ್ತೀರಿ ಅಂತ ಕೇಳ್ತೀರಿ. ಅದಕ್ಕ ನಿಂದರಸಲಿಲ್ಲ." ಸ್ವಲ್ಪ ತಡೆದು ಮತ್ತೆ ಅಂದ: "ಒಂದು ಕೇಳತೀನಿ. ಮೊದಲನೇ ಎಳಿ ಕೊಂಬಿಗೆ ಹೆಂಗ ನಿಂದರತೈತ್ರಿ? ಗಾಳಿಗೆ ಜಾರಬೇಕಲ್ಲ. ನೀವು ಎಲ್ಲಾ ಹೇಳಿದ್ರಿ, ಅದೊಂದು ಹೇಳಲಿಲ್ಲ. ರಾತ್ರಿ ಮಲಗಿದ್ರೂ ಅದ ತಲಿಯಾಗ."

"ಅದು ನನಗ ಗೊತ್ತಿಲ್ಲ. ನಾ ನೋಡೂದ್ರಾಗ ಅರ್ಧ ಗೂಡಾಗಿತ್ತು. ಮೊದಲಿನಿಂದ ನೋಡಿದಾಕಿ ಒಬ್ಬಾಕಿ. ನಾ ಮುಗಿಲು ನೋಡತಾಳ ಅಂದಿದ್ದೆ."

ನೇಕಾರ ಒಳಗೆ ತಿರುಗಿದ. ರಾಟೆಯೂ ನಿಂತಿತ್ತು. ಬನವ್ವ ಎದ್ದು ಬಂದಳು. ಅಪ್ಪನ ಹೆಗಲ ಮೇಲಿನ ಒಂದು ಎಳೆಯನ್ನು ಎಳೆದುಕೊಂಡಳು. ಬಾಗಿಲ ಚಿಲಕಕ್ಕೆ ಅದನ್ನು ಒತ್ತಿ ಹಿಡಿದು ಗಂಟು ಹಾಕುತ್ತ ಹೇಳಿದಳು.

"ಕಾಲಿಲೆ ಹಿಂಗ ತುಳದು ಹಿಡಿತೈತಿ ಅಪ್ಪಾ. ಕೊಕ್ಕಿಲೆ ಒಂದು ಸುತ್ತು ತರತೈತಿ. ಆ ತುದಿ ಈ ಸುತ್ತಿನ ಕೆಳಗ ತೂರಸತೈತಿ. ಎಳೀತೈತಿ. ಮೊದಲ ಸಲ ಜಾರಿತು. ಬಹಳ ಸಲ ಜಾರಿತು."

ನೇಕಾರ ಚಿಲಕದ ಗಂಟನ್ನು ಬೆರಳಿನಿಂದ ಜಗ್ಗಿ ನೋಡಿದ. ಗಂಟು ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಎದುರು ಮನೆಯ ಹೆಂಗಸೂ ಬಾಗಿಲಲ್ಲಿ ನಿಂತಿದ್ದಳು.

"ಕಂಡಿಕಿ ನನ್ನ ಕಡೆ ಕೊಡೋ" ಅಂದಳು ಮುದುಕಿ. "ಬರೇ ಕೂತು ಕೈ ಹಿಡದಾವು."

ಮರುದಿನ ಬೆಳಿಗ್ಗೆ ನೇಕಾರ ತಾನೇ ಮಗಳನ್ನು ಶಾಲೆಗೆ ಕರೆತಂದ. ಕಿಟಕಿಯ ಹತ್ತಿರ ನಿಂತು ಜಾಲಿಮರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೆಲಸಕ್ಕೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಮನೆಯ ಮುಂದಿನ ಓಣಿಯ ಕಡೆಗೆ ಮುಖ ಮಾಡಿ ಕೂತರು. ಕೇಳಲು ಅಲ್ಲಿ ಈಗ ಯಾವ ಸದ್ದೂ ಇರಲಿಲ್ಲ.

"ಈಗ ಆ ಮಗ್ಗಗಳಿಲ್ಲ" ಅಂದರು. "ಮಾಸ್ತರ ಮಾತು ಮುಗಿಸಿದ ಮೇಲೆ ಮಗ್ಗ ಮತ್ತೆ ಶುರುವಾಗುವ ಸದ್ದು ಇರುತ್ತಿತ್ತಲ್ಲ. ಆಡಿದ ಮಾತು ಹೇಗೆ ಬಿತ್ತು ಎಂದು ಅದರಿಂದ ತಿಳಿಯುತ್ತಿತ್ತು."

ಶಿಷ್ಯ ಯೋಚಿಸಿದ. ಅವನಿಗೆ ಇನ್ನೂ ಸಮಾಧಾನವಾಗಲಿಲ್ಲ.

"ಹಾಗಾದರೆ ಗುರುಗಳೇ, ಮಗುವಿನ ಕೊರತೆಯನ್ನು ಮನೆಯವರಿಗೆ ಹೇಳಲೇಬಾರದೆ? ನಿಜವನ್ನು ಮುಚ್ಚಿಡಬೇಕೆ?"

ಗುರುಗಳು ಅವನ ಮುಖ ನೋಡಿದರು.

"ನೀನು ಬರೆದೆಯಲ್ಲ, ಆ ಹುಡುಗ ಶಾಲೆಗೆ ಬಾರದೆ ಎಷ್ಟು ದಿನವಾಯಿತು?"

"ಬರೆದ ಮರುದಿನದಿಂದ ಬಂದಿಲ್ಲ" ಅಂದ ಶಿಷ್ಯ.