ಕರಡಿಯ ಜೇನು, ನರಿಯ ಹುರಿಹಿಟ್ಟು

ಬಿದಿರುಮೆಳೆಗಳೇ ತುಂಬಿದ್ದ ಒಂದು ಕಾಡಿನಲ್ಲಿ ದುಂಡವ್ವ ಎಂಬ ಕರಡಿ ಇದ್ದಳು. ಅವಳಿಗೆ ಎರಡು ಪುಟ್ಟ ಮರಿಗಳು. ಮಳೆಗಾಲ ಹಿಡಿಯಿತೆಂದರೆ ಗುಹೆಯಿಂದ ಹೊರಬೀಳುವಂತಿರಲಿಲ್ಲ. ಅಷ್ಟರೊಳಗೆ ಮರಿಗಳಿಗೆ ಹಿಟ್ಟು ಕೂಡಿಡಬೇಕು. ಹಿಟ್ಟಿಗೆ ಬದಲು ಕೊಡಲೆಂದೇ ಅವಳು ಬೇಸಿಗೆಯೆಲ್ಲ ಜೇನುಹುಳುಗಳಿಂದ ಕಚ್ಚಿಸಿಕೊಂಡು, ಮೂತಿ ಊದಿಸಿಕೊಂಡು ಜೇನು ಕೂಡಿಸಿದ್ದಳು.

ಮಳೆಗೆ ಮುಂಚೆ ಪ್ರಾಣಿಗಳೆಲ್ಲ ಆಲದ ಮರದಡಿ ಸೇರಿ ತಿನಿಸು ಬದಲಾಯಿಸಿಕೊಳ್ಳುವುದು ಆ ಕಾಡಿನ ಪದ್ಧತಿ. ತೂಕಕ್ಕೆ ತೂಕ ಕೊಡಬೇಕು, ಅದೇ ಕಟ್ಟಳೆ. ಆನೆಯಜ್ಜ ಎರಡನ್ನೂ ಸೊಂಡಿಲಿನಿಂದ ಎತ್ತಿ ನೋಡಿ "ಸರಿಯಾಯ್ತು" ಅನ್ನುತ್ತಿದ್ದ. ಆ ವರ್ಷ ಆನೆಯಜ್ಜ ಹಿಂಡಿನ ಜೊತೆ ದೂರದ ಕಾಡಿಗೆ ಹೋಗಿದ್ದ.

ನರಿ ಕೆಂಚಪ್ಪನಿಗೆ ಅಷ್ಟೇ ಸಾಕಾಯಿತು. ಬಿದಿರು ಕತ್ತರಿಸಿ ಅಳೆಯಲು ಒಂದು ಪಾವು ಮಾಡಿಕೊಂಡು ಬಂದ.

"ಎತ್ತಿ ನೋಡೋ ರಗಳೆ ಯಾಕೆ? ಪಾವಿಗೆ ಪಾವು ಅಳೆದರೆ ಆಯ್ತಪ್ಪ. ಎರಡೂ ಒಂದೇ!"

ಎಲ್ಲರೂ ತಲೆಯಾಡಿಸಿದರು. ದುಂಡವ್ವನೂ ತಲೆಯಾಡಿಸಿದಳು.

ಅವಳು ಪಾವಿನ ತುಂಬ ಜೇನು ಸುರಿದಳು. ಕೆಂಚಪ್ಪ ಹುರಿಹಿಟ್ಟನ್ನು ಜರಡಿಯಾಡಿಸಿ, ಹತ್ತಿಯಂತೆ ಹಗುರ ಮಾಡಿ, ಪಾವಿಗೆ ಮೆಲ್ಲಗೆ ಉದುರಿಸಿದ. ಹೀಗೆ ಅಳೆಯುತ್ತ ಅಳೆಯುತ್ತ ಅವಳ ಜೇನೆಲ್ಲ ಅವನ ಗಡಿಗೆಯನ್ನು ಸೇರಿತು.

ದುಂಡವ್ವ ಹಿಟ್ಟಿನ ಗಡಿಗೆ ಹೊತ್ತು ಗುಹೆಗೆ ಬಂದಳು. ದಾರಿಯುದ್ದಕ್ಕೂ ಕುಲುಕಿದ ಹಿಟ್ಟು ಕುಸಿದು ಅರ್ಧ ಗಡಿಗೆಗೆ ಇಳಿದಿತ್ತು.

"ಅವ್ವಾ, ಉಳಿದದ್ದನ್ನ ಯಾರು ತಿಂದ್ರು?" ಎಂದು ಚಿಕ್ಕ ಮರಿ ಕೇಳಿತು.

ದುಂಡವ್ವ ಗಡಿಗೆಯೊಳಗೆ ಇಣುಕಿದಳು. ಇಷ್ಟು ಹಿಟ್ಟಿನಲ್ಲಿ ಅರ್ಧ ಮಳೆಗಾಲವೂ ಕಳೆಯದು. ಅವಳು ಓಡಿಹೋಗಿ ಕೆಂಚಪ್ಪನನ್ನು ಕೇಳಿದಳು.

"ನಿನ್ನ ಕಣ್ಣೆದುರೇ ಅಳೆದಿದ್ದೀನಿ. ಒಂದು ಪಾವು ಕಮ್ಮಿ ಇದ್ದರೆ ತೋರಿಸು!" ಎಂದ ಅವನು.

ಅವನು ಒಂದು ಪಾವೂ ಕಮ್ಮಿ ಕೊಟ್ಟಿರಲಿಲ್ಲ. ಆದರೂ ಮರಿಗಳು ಉಪವಾಸ ಬೀಳುತ್ತವೆ. ಇದು ಹೇಗೆ? ದುಂಡವ್ವ ಗುಹೆಯ ಬಾಗಿಲಲ್ಲಿ ಕೂತು ಯೋಚಿಸಿದಳು. ಪಕ್ಕದಲ್ಲಿ ಜೇನು ಹಿಂಡಿ ಒಣಗಿಸಿದ ಜೇನುಗೂಡುಗಳ ರಾಶಿ ಇತ್ತು. ಸುಮ್ಮನೆ ಒಂದನ್ನು ಎತ್ತಿದಳು. ನೋಡಲು ಇಷ್ಟು ದೊಡ್ಡದು, ಕೈಯಲ್ಲಿ ಏನೂ ಇಲ್ಲದ ಹಾಗೆ! ಅವಳಿಗೆ ಥಟ್ಟನೆ ಹೊಳೆಯಿತು.

ಮರುದಿನ ಆಲದ ಮರದಡಿ ಪಾವಿನ ತುಂಬ ಒಣಗಿದ ಗೂಡಿನ ಚೂರು ತುಂಬಿ ಕೆಂಚಪ್ಪನ ಮುಂದಿಟ್ಟಳು.

"ಇನ್ನೊಂದು ಪಾವು ತಂದಿದ್ದೀನಿ. ಹಿಟ್ಟು ಅಳೆದು ಕೊಡು."

ಕೆಂಚಪ್ಪ ಪಾವು ಎತ್ತಿದವನೇ ಕಿರುಚಿದ: "ಏನಿದು, ತೂಕವೇ ಇಲ್ಲವಲ್ಲ! ನನಗೇ ಟೋಪಿ ಹಾಕ್ತೀಯಾ?"

"ಪಾವು ತುಂಬಿದೆಯಲ್ಲ ಕೆಂಚಪ್ಪ. ಎರಡೂ ಒಂದೇ ಅಂದವನು ನೀನೇ ಅಲ್ವಾ?"

ಕೆಂಚಪ್ಪ ಪಾವನ್ನು ಕೆಳಗಿಟ್ಟ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಳ್ಳುಹಂದಿ ಹೋಗಿ ಒಂದು ಬಿದಿರು ಕೋಲು ತಂದು, ನಡುವಿಗೆ ಬಳ್ಳಿ ಕಟ್ಟಿ ಕೊಂಬೆಗೆ ತೂಗುಬಿಟ್ಟು, ಎರಡೂ ತುದಿಗೆ ಒಂದೊಂದು ಗಡಿಗೆ ಕಟ್ಟಿತು. ಒಂದು ತುದಿಗೆ ಕೆಂಚಪ್ಪ ಪಡೆದಿದ್ದ ಜೇನಿನಿಂದ ಒಂದು ಪಾವು, ಇನ್ನೊಂದು ತುದಿಗೆ ಒಂದು ಪಾವು ಹಿಟ್ಟು. ಜೇನಿನ ತುದಿ ನೆಲಕ್ಕೆ ಬಡಿಯಿತು. ಇನ್ನೊಂದು ಪಾವು ಹಿಟ್ಟು ಸುರಿದರು, ಸಾಲಲಿಲ್ಲ. ಮೂರನೆಯದನ್ನು ಸುರಿದ ಮೇಲೆಯೇ ಬಿದಿರು ನೆಟ್ಟಗೆ ನಿಂತಿತು.

ಜೇನಿನ ಪ್ರತಿ ಪಾವಿಗೂ ಕೆಂಚಪ್ಪ ಇನ್ನೆರಡು ಪಾವು ಹಿಟ್ಟು ಅಳೆದು ಕೊಡಬೇಕಾಯಿತು. ಕೊನೆಗೆ ಹಿಟ್ಟೆಲ್ಲ ಖಾಲಿಯಾಗಿ ಅವನಿಗೆ ಉಳಿದದ್ದು ಬರೀ ಜೇನು. ಮಳೆಗಾಲವೆಲ್ಲ ಅದನ್ನೇ ನೆಕ್ಕಿ ನೆಕ್ಕಿ ಹೊಟ್ಟೆ ಕೆಡಿಸಿಕೊಂಡು ಬಿಲದಲ್ಲಿ ನರಳಿದ.

ದುಂಡವ್ವನ ಮರಿಗಳು ಹೊಟ್ಟೆ ತುಂಬ ಉಂಡು ಬೆಚ್ಚಗೆ ಮಲಗಿದವು. ಅವಳು ಮಾತ್ರ ಕೆಂಚಪ್ಪನನ್ನು ನೋಡಿ ನಗಲಿಲ್ಲ. ಅಂದು ಮರದಡಿ ತಾನೂ ಯೋಚಿಸದೆ ತಲೆಯಾಡಿಸಿದ್ದು ಅವಳಿಗೆ ಮರೆತಿರಲಿಲ್ಲ.

ನೀತಿ: ಪಾತ್ರೆ ತುಂಬಿದ ಮಾತ್ರಕ್ಕೆ ತೂಕ ಸರಿಯಾಗದು, ಪರರಿಗೆ ಮೋಸದ ಅಳತೆ ಹಿಡಿದವನು ಅದೇ ಅಳತೆಯಲ್ಲಿ ಸಿಕ್ಕಿಬೀಳುತ್ತಾನೆ.